ದಾಮಲೆಯವರಿಗೆ ಹೇಳದೆ ಉಳಿದದ್ದು

ಲಿಫ್ಟಿನ ಜಾಳಿಗೆ ಬಾಗಿಲನ್ನು ಕೊಡೆಯಿಂದ ತಡೆದು
ಸೊಸೈಟಿಯ ಸೆಕ್ರೆಟರಿ ದಾಮಲೆಯವರು ಕೇಳಿದ್ದು ಇಷ್ಟೇ:
ನಾಯಿ, ಸರಿ. ಬಾಕ್ಸರೇ ಯಾಕೆ?
ಕೋಥ್ರೂಡಿನ ಎರಡು ಕೋಣೆಯಲ್ಲಿ ನೀವೇ ಐದು ಮಂದಿ.

ಕೂದಲು ಉದುರುವುದು ಕಡಿಮೆ, ಅಂದೆ.
ಮಕ್ಕಳೆಂದರೆ ಜೀವ, ಅಂದೆ.
ಕಾರಣವಿಲ್ಲದೆ ಬೊಗಳುವುದಿಲ್ಲ, ಅಂದೆ.
ಪುಸ್ತಕದ ಮಾತು.
ನನ್ನ ಕರಿ ಸೀರೆ ನೋಡಿದವರಿಗೆ
ಮೊದಲನೆಯದು ಸುಳ್ಳೆಂದು ಗೊತ್ತು.

ನಾವು ಹೋದದ್ದು ಲ್ಯಾಬ್ರಡಾರ್ ನೋಡಲು.
ಈರಣ್ಣ ಚೌಕಳಿ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು
ತೂಕ, ಎತ್ತರ, ತಿಂಗಳ ಖರ್ಚು ಬರೆದಿದ್ದರು.
ಬಾಕ್ಸರಿನ ಹೆಸರು ಯಾವ ಸಾಲಿನಲ್ಲೂ ಇರಲಿಲ್ಲ.
ವಾಘೋಲಿಯ ಆ ಅಂಗಳದಲ್ಲಿ
ಮರಿಗಳೆಲ್ಲ ಮಗನ ಬೂಟಿನ ದಾರ ಎಳೆಯುತ್ತಿದ್ದಾಗ
ಮೂಲೆಯಿಂದ ಎದ್ದು ಬಂದಳು ಇವಳು,
ಯಾರೋ ಸಾಕಲಾರದೆ ಬಿಟ್ಟುಹೋದ ವರ್ಷದವಳು.
ತವೆಯ ಮೇಲೆ ಮರೆತ ರೊಟ್ಟಿಯಂಥ ಪಟ್ಟೆಪಟ್ಟೆ ಮೈ,
ಮೇಲ್ದುಟಿಯನ್ನು ದಾಟಿ ನಿಂತ ಕೆಳದವಡೆ,
ಹಣೆ ತುಂಬ ಮಡಿಕೆ.
ಕುರ್ಚಿಯಲ್ಲಿ ಕೂತ ಅತ್ತೆಯ ಮೊಣಕಾಲಿಗೆ ಗದ್ದವೂರಿ
ಉಸ್ಸೆಂದಳು,
ಬ್ಯಾಂಕಿನ ಕಂತು ತಾನೇ ತುಂಬಬೇಕೇನೋ ಎಂಬಂತೆ.
ನಾಯಿ ಸೋಕಿದರೆ ಸೆರಗು ಝಾಡಿಸುವ ಅತ್ತೆ
ಬಗ್ಗಿ ಕೇಳಿದರು:
‘ಯಾಕವಾ? ಏನಾತು?’

ದಾಮಲೆಯವರೇ, ನಮ್ಮದು ಕೇಳುವ ಮನೆತನವಲ್ಲ.
ನನ್ನ ಎದೆಯ ಗಂಟಿನ ರಿಪೋರ್ಟು ಬರುವ ತನಕ
ಹನ್ನೊಂದು ದಿನ
ಊಟಕ್ಕೆ ಕೂತಾಗಲೆಲ್ಲ ಬದನೆಕಾಯಿಯ ದರ ಮಾತಾಡಿದೆವು.
ರಿಪೋರ್ಟು ಒಳ್ಳೆಯದೇ ಬಂತು.
ಆ ರಾತ್ರಿಯೂ ಬದನೆಕಾಯಿ.
ಮಗನ ಗಣಿತದ ಅಂಕಪಟ್ಟಿ ಜೋಳದ ಹಿಟ್ಟಿನ ಡಬ್ಬಿಯಡಿ
ವಾರಗಟ್ಟಲೆ ಮಲಗಿತ್ತು;
ಎತ್ತಿ ನೋಡಿದವರೆಲ್ಲ ಮತ್ತೆ ಅಲ್ಲೇ ಇಟ್ಟರು.
ಅಂಗಳದಲ್ಲಿ ಆ ‘ಏನಾತು’ ಕಿವಿಗೆ ಬಿದ್ದಾಗ
ನಾಲ್ವರೂ ತಿರುಗಿ ನೋಡಿದೆವು,
ನಮ್ಮನ್ನೇ ಯಾರೋ ಕರೆದಂತೆ.

ಹಿಂಡಿಯ ಬಣ್ಣವೆಂದು ಅತ್ತೆ ಅಗಸಿ ಎಂದರು.
ಊರ ಬಾಗಿಲೂ ಅಗಸಿಯೇ ಎಂದು ಈರಣ್ಣ ಒಪ್ಪಿದರು.
ಕಾವಲು ಮಾತ್ರ ಅಷ್ಟಕ್ಕಷ್ಟೇ:
ಸಿಲಿಂಡರಿನವನನ್ನು ಮುಂಗಾಲೆತ್ತಿ ಕುಸ್ತಿಗೆ ಕರೆಯುತ್ತಾಳೆ.
ಬಾಲವನ್ನು ಯಾರೋ ಎಳವೆಯಲ್ಲೇ ಕತ್ತರಿಸಿದ್ದಾರೆ,
ಅದಕ್ಕೆ ಇಡೀ ಮೈಯನ್ನೇ ಬಾಲ ಮಾಡಿಕೊಂಡು
ಬಿಲ್ಲಿನಂತೆ ಬಾಗಿ, ಮೂತಿ ಕುಂಡಿ ಎರಡೂ ಮುಂದಾಗಿ
ಅಡ್ಡಡ್ಡ ಬರುತ್ತಾಳೆ.
ಜೊಲ್ಲು ಗೋಡೆಗೆ. ಹೂಸು ಧಾರಾವಾಹಿಯ ನಡುವೆ.
ಮಧ್ಯಾಹ್ನ ಒಂದರಿಂದ ನಾಲ್ಕು
ಪುಣೆಯ ಅಂಗಡಿಗಳ ಜೊತೆ ಇವಳೂ ಬಂದ್;
ಗೊರಕೆ ನಿಮ್ಮ ಮನೆಗೂ ಕೇಳುತ್ತದೆ, ಬಲ್ಲೆ.
ಏಪ್ರಿಲ್ಲಿನಲ್ಲಿ ಒದ್ದೆ ಪಂಚೆ ಹೊದಿಸಬೇಕು,
ಬೆಳಕು ಹರಿಯುವ ಮುಂಚೆ ಟೇಕಡಿ ಹತ್ತಿ ಇಳಿದುಬಿಡಬೇಕು.
ಈ ಜಾತಿಯ ಎದೆ ಮೆದು, ಹತ್ತು ದಾಟುವುದು ಅಪರೂಪ
ಎಂದರು ಡಾಕ್ಟರ್ ಮಿಸ್ತ್ರಿ.
ಅತ್ತೆ ಬೆರಳು ಮಡಚಿ ಏನೋ ಎಣಿಸಿದರು,
ಆಮೇಲೆ ರೊಟ್ಟಿ ಮುರಿದು ಹಾಲಿಗೆ ಹಾಕಿದರು.

ಈಗ ನಮ್ಮ ಮಾತು ಅವಳನ್ನು ಹಾಯ್ದು ಹೋಗುತ್ತದೆ.
‘ಅಗಸೀ, ನಿಮ್ಮವ್ವಗ ಕೇಳು, ಗುಳಿಗಿ ತಗೊಂಡಾಳೇನು?’
ಮೊನ್ನೆ ಮಗ ಅವಳ ಕಿವಿಯಲ್ಲಿ
ತನಗೆ ಕಾಲೇಜು ಹಿಡಿಸುತ್ತಿಲ್ಲವೆಂದ,
ಮನೆಯವರಿಗೆಲ್ಲ ಕೇಳುವಷ್ಟು ಮೆಲ್ಲಗೆ.

ಇದನ್ನೆಲ್ಲ ಲಿಫ್ಟಿನ ಬಾಗಿಲಲ್ಲಿ ಹೇಗೆ ಹೇಳಲಿ?
ಬಾಯಿ ತೆರೆಯುವಷ್ಟರಲ್ಲಿ ಅಗಸಿ
ಅವರ ಚಪ್ಪಲಿಯ ಮೇಲೆ ಕೂತು
ತಲೆಯೆತ್ತಿ, ಹಣೆ ಮಡಚಿದಳು.
ದಾಮಲೆಯವರ ಕೊಡೆ ಕಂಕುಳಿಗೆ ಹೋಯಿತು.
ನೋಯುವ ಮೊಣಕಾಲು ಹಿಡಿದುಕೊಂಡು ಬಗ್ಗಿದರು.
‘ಕಾಯ್ ಗ? ಕಾಯ್ ಝಾಲಂ?’

ಮೂರನೇ ಮಹಡಿಯಿಂದ ಯಾರೋ ಕೂಗುತ್ತಲೇ ಇದ್ದರು,
ದರವಾಜಾ ಲಾವಾ, ಅಹೋ, ದರವಾಜಾ!