ಬಾಕಿ ನಲವತ್ಮೂರು

ಶಹಾಬಾದ ಟೇಶನ್ ರೋಡಿನಾಗ
ಪರಸಿ ಕಲ್ಲಿನ ಮೂರು ಮೆಟ್ಟಿಲು ಹತ್ತಿದ್ರ ನನ್ನ ದುಕಾನ.
ಮೊದಲು ಗಡಿಯಾರ ರಿಪೇರಿ.
ಕಣ್ಣಿಗೆ ಭಿಂಗ ಸಿಗಿಸಿಕೊಂಡು
ಮಂದಿಯ ಹೊತ್ತು ಸರಿ ಮಾಡ್ತಾ ಮಾಡ್ತಾ
ನನ್ನ ಹೊತ್ತು ಹಿಂದ ಬಿದ್ದಿತ್ತು.

ಒಂದಿನ ಸುಮೋ ಗಾಡಿಯಾಗ ಬಂದ್ರು ಮೈನಾ ಕಂಪನಿಯವರು.
ಟೈ ಕಟ್ಟಿದ ಹುಡುಗ, ಬಿಸಿಲಿಗೆ ಮಾರಿ ಕೆಂಪು.
ಗೋಡಿಗೆ ಹಳದಿ ಬಳದು
ಬಾಯಿ ತೆರೆದ ಹಕ್ಕಿ ಒಂದು ಬರದು ಹೋದ್ರು.
ನನ್ನ ಹೆಸರು ಮೌಲಾಲಿ.
ಆ ವಾರದಿಂದ ಮೈನಾ ಮೌಲಾಲಿ.

ಬಣ್ಣ ಪುಕ್ಕಟೆ. ಸಿಮ್ಮು ಪುಕ್ಕಟೆ.
ಹತ್ತು ರೂಪಾಯಿ ಕಾರ್ಡಿಗೆ ಏಳೂವರಿ ಮಾತು.
ಎಂಟಾಣೆ ಬಿಲ್ಲಿಯಿಂದ ಕೆರೆದು ಕೆರೆದು
ಬೆಳ್ಳಿ ಪುಡಿ ಮೆಟ್ಟಿಲ ತುಂಬ.
ಕಸ ಹೊಡೆಯುವಾಗ ಹೆಂಡತಿ ನಗ್ತಿದ್ಳು:
"ಅಕ್ಕಸಾಲಿಗನ ಅಂಗಡಿ ಆಗ್ಯಾದ ನಿಂದು."

ಖಣಿಯ ಮಂದಿ ಮಧ್ಯಾಹ್ನ ಬರ್ತಿದ್ರು, ರೆಪ್ಪಿ ತನಕ ಕಲ್ಲಿನ ಧೂಳು.
ಓದಲಾರದವರ ಅಂಕಿ ನಾನೇ ಒತ್ತಿದೆ.
ಯಾರ ಮಗಳು ಪುಣೆಯಾಗ, ಯಾರ ಗಂಡ ಭಿವಂಡಿಯಾಗ,
ನಂಬರೆಲ್ಲಾ ಬಾಯಿಪಾಠ.
ಒಂದು ಮಿಸ್ ಕಾಲ್ ಅಂದ್ರ ಮುಟ್ಟೀನಿ.
ಎರಡಂದ್ರ ರೊಕ್ಕ ಬಂತು.
ಮೂರು ಬಂದ್ರ ಮಾತ್ರ ಎತ್ತಬೇಕು.
ಮೂರು ಬಂದ್ರ ಯಾರೂ ಲಗೂನ ಎತ್ತುತ್ತಿರಲಿಲ್ಲ.

ಆಮ್ಯಾಲೆ ಬಂತು ಜೀವಮಾನದ ಸ್ಕೀಮು.
ತೊಂಬತ್ತೊಂಬತ್ತು ರೂಪಾಯಿ, ಸಾಯೋತನಕ ಚಾಲೂ.
ಮಿರ್ಚಿ ಕರಿಯುವ ಜಗದೇವಿ
ಹಿಟ್ಟಿನ ಕೈ ಸೆರಗಿಗೆ ಒರೆಸಿ ಕೇಳಿದ್ಳು:
"ಯಾರು ಸಾಯೋತನಕ?"
ನಾನು ನಕ್ಕೆ. ಟೈ ಹುಡುಗನೂ ನಕ್ಕ.
ಆ ತಿಂಗಳು ಮುನ್ನೂರ ಹನ್ನೆರಡು ಸಿಮ್ಮು ಹೋದವು.
ಕಂಪನಿಯಿಂದ ಒಂದು ಉಡುಗೊರೆ ಗಡಿಯಾರ, ಹಕ್ಕಿ ಚಿತ್ರದ್ದು.
ಬಿಚ್ಚಿ ನೋಡಿದೆ. ಒಳಗ ಬರೀ ಪ್ಲಾಸ್ಟಿಕ್ಕು.

ಬೀಳೋದು ಸಪ್ಪಳಿಲ್ಲದ ಶುರುವಾಯ್ತು.
ಮತ್ತೊಂದು ಕಂಪನಿ ಮಾತೇ ಪುಕ್ಕಟೆ ಕೊಟ್ಟಿತು,
ಹುಡುಗರು ಬೆರಳಿನಿಂದ ಗಾಜು ತಿಕ್ಕಾಕ ಹತ್ತಿದ್ರು.
ಸುಮೋ ಬರೋದು ಬಿಟ್ಟಿತು.
ಟೈ ಹುಡುಗನಿಗೆ ಮೂರು ಸಲ ಮಾಡಿದೆ, ಎತ್ತಲಿಲ್ಲ.
ಝಂವರ ಸೇಠರ ಮಾಳಿಗಿ ಮ್ಯಾಲಿನ ಟವರಿಗೆ
ಡೀಸೆಲ್ ಇಲ್ಲ, ಸೇಠರಿಗೆ ಬಾಡಿಗಿ ಇಲ್ಲ.
ಅದರ ಕಾಲಿಗೆ ಹಗ್ಗ ಕಟ್ಟಿ ಧೋತರ ಒಣಹಾಕಿದ್ರು.
ಐದು ಕಡ್ಡಿ ಇದ್ದದ್ದು ಎರಡಾಯ್ತು, ಎರಡಿದ್ದದ್ದು ಒಂದು.
ಒಂದು ಮುಂಜಾನೆ ಟೇಶನ್ ರೋಡೇ ಮೂಕ.

ನಂಬರು ಉಳೀಬೇಕಂದ್ರ ಬ್ಯಾರೆ ಕಂಪನಿಗೆ ಹೋಗ್ರಿ ಅಂತ ಪೇಪರಿನಾಗ ಬಂತು.
ಹೋಗಾಕ ಮೈನಾದಿಂದಲೇ ಒಂದು ಮೆಸೇಜು ಕಳಿಸಬೇಕು.
ಮೈನಾಕ್ಕ ಉಸಿರಿಲ್ಲ.
ವಾಡಿ ಕಡೆ ಒಂದು ಟವರ್ ಇನ್ನಾ ಜೀವ ಹಿಡದಾದ ಅಂದ್ರು.
ಬುಟ್ಯಾಗ ಎಪ್ಪತ್ತು ಫೋನು,
ಒಂದೊಂದಕ್ಕೂ ದಾರದಾಗ ಹೆಸರಿನ ಚೀಟಿ,
ಹಳೆ ಖಣಿಯ ಒಡ್ಡಿನ ಮ್ಯಾಲೆ ಹತ್ತಿದೆ.
ಈದಿನ ಹಿಂದಿನ ಸಂಜಿ ಚಂದ್ರನ್ನ ಹುಡುಕಿದಂಗ
ಒಂದೊಂದೇ ಎತ್ತಿ ಹಿಡಿದು ಕಡ್ಡಿ ಹುಡುಕಿದೆ.
ಐವತ್ತೆಂಟು ಹೋದವು.
ಹೋಗದ ಹನ್ನೆರಡರ ಚೀಟಿ ಬಿಚ್ಚಲಾರದೆ
ಹೊತ್ತು ಮುಳುಗೋತನಕ ಕಲ್ಲಿನ ಮ್ಯಾಲೆ ಕುಂತೆ.

ಜಗದೇವಿ ಫೋನು ಕೊಟ್ಟೇ ಇರಲಿಲ್ಲ.
"ನನ್ನ ನಲವತ್ಮೂರು ರೂಪಾಯಿ ಅದರಾಗ ಅವ.
ಕೊಡೋತನಕ ನಾ ಎಲ್ಲೂ ಹೋಗಂಗಿಲ್ಲ."
"ಕಂಪನಿ ದಿವಾಳಿ ಎದ್ದಾದವ್ವ, ಕೋರ್ಟಿನಾಗ ಅದ,
ಬ್ಯಾಂಕಿನವರೇ ಪಾಳಿ ಹಚ್ಚಿ ನಿಂತಾರ."
"ಬ್ಯಾಂಕಿನವರ ಮಾರಿ ನಾ ನೋಡಿಲ್ಲ.
ನಿನ್ನ ಗೋಡಿ ನೋಡೀನಿ."

ಎರಡು ಸಲ ಸುಣ್ಣ ಹೊಡೆದೆ ಆ ಗೋಡಿಗೆ.
ಹಕ್ಕಿಯ ಕೊಕ್ಕು ಇನ್ನಾ ಕಾಣ್ತದ.

ಈಗ ಮತ್ತ ಗಡಿಯಾರ, ರಿಮೋಟು, ಯಾರದೋ ಮಿಕ್ಸರು.
ಸಂಜಿಗೆ ಹತ್ತು ರೂಪಾಯಿ ಕೊಟ್ಟು ಮಿರ್ಚಿ ಕೇಳ್ತೀನಿ.
ಮಂದಿಗೆ ನಾಲ್ಕು ಹಾಕ್ತಾಳ, ನನಗ ಮೂರು.
ಗಾಡಿಯ ತಗಡಿನ ಮ್ಯಾಲೆ ಎಣ್ಣಿ ಬೆರಳಿನಿಂದ ಗೀಟು ಎಳೆದು,
ಮಾರಿ ಎತ್ತದೇ ಅಂತಾಳ:
"ಇನ್ನಾ ಹದಿನೆಂಟು, ಮೌಲಾಲಿ."