ಪೊರ್ವೆನೀರ್‌ನಲ್ಲಿ ರಾತ್ರಿ ಒಂಬತ್ತು

ಜಲಸಂಧಿ ದಾಟಿ ಬಂದಿಳಿದೆ,
ಎರಡೂವರೆ ತಾಸು, ಕರುಳು ಬಾಯಿಗೆ.
ಚೀಲದಲ್ಲಿ ಸ್ಕ್ರೂಡ್ರೈವರ್, ಪೆನ್‌ಡ್ರೈವ್,
ಕೋಟಿನ ಗುಂಡಿಯಷ್ಟಗಲದ ಒಂದು ಸೆಲ್ಲು.

ಟಿಕೆಟ್ ಕಿಟಕಿಯ ಹಿಂದೆ ದಾನಿತ್ಸಾ ಕುಸ್ಮಾನಿಚ್
ಕನ್ನಡಕ ಹಣೆಗೇರಿಸಿ ಅಂದಳು:
"ಹಡಗು ಇಲ್ಲೇ ಕಟ್ಟಿಹಾಕಿದೆ, ನೋಡು.
ಟಿಕೆಟ್ಟು ಮಾತ್ರ ಹನ್ನೆರಡಾಯಿತು, ಹೋಗಿಬಿಟ್ಟಿತು ಅನ್ನುತ್ತದೆ.
ಜನ ಬಯ್ಯುತ್ತಾರೆ.
ಬೈಗುಳ ಒಂದೇ ಇಲ್ಲಿ ವೇಳೆಗೆ ಸರಿಯಾಗಿ ಬರುವುದು."

ಒಂದೇ ಪೆಟ್ಟಿಗೆ, ಒಳಗೆ ಎರಡು ಒಲೆ.
ಒಬ್ಬ ಟಿಕೆಟ್ಟಿನವನು. ಇನ್ನೊಬ್ಬ ಪಾಳಿ ಬದಲಾದಾಗ ಏಳುವವನು,
ಕಡಲಿನ ಏರಿಳಿತ ಬರೆದುಕೊಳ್ಳುವವನು.
ಇಬ್ಬರಿಗೂ ಸೇರಿ ಒಂದೇ ಗಡಿಯಾರ,
ಕರೆಂಟು ಹೋದರೂ ಕಣ್ಣು ಮುಚ್ಚದ ಪುಟ್ಟ ಚಿಪ್.
ಎದ್ದೊಡನೆ ಅದನ್ನು ಕೇಳುತ್ತಾರೆ, ಒಂದೇ ಸಲ: ಎಷ್ಟಾಯಿತು?
ಆಮೇಲೆ ಅದರತ್ತ ತಿರುಗಿಯೂ ನೋಡುವುದಿಲ್ಲ,
ತಮ್ಮ ಎಣಿಕೆ ತಮಗೆ;
ಮಲಗುವ ಮುನ್ನ ತಮಗೆ ಸರಿ ಕಂಡದ್ದನ್ನು
ಅದರ ಮೇಲೆ ಬರೆದು ದೀಪ ಆರಿಸುತ್ತಾರೆ.

ಚಿಪ್ ಒಂಬತ್ತು ಅಂದರೆ
ಟಿಕೆಟ್ಟಿನವನಿಗೆ ಅದು ಈ ಊರಿನ ಒಂಬತ್ತು.
ಕಡಲಿನವನಿಗೆ ಯಾವ ಊರಿನದೂ ಅಲ್ಲದ, ಲೋಕದ ಒಂಬತ್ತು;
ಮೂರು ಕಳೆದು, ಇಲ್ಲಿನ್ನೂ ಆರೇ ಎಂದುಕೊಳ್ಳುತ್ತಾನೆ.
ಪಾಳಿಯ ಹುಡುಗ ಕೈಗಡಿಯಾರ ನೋಡಿ ಒಂಬತ್ತಕ್ಕೆ ತಿದ್ದುತ್ತಾನೆ.
ಚಿಪ್‌ನಲ್ಲಿ ಹನ್ನೆರಡು ಬೀಳುತ್ತದೆ.
ಟಿಕೆಟ್ಟಿನವನು ಮತ್ತೆ ಎದ್ದರೆ ನಡುಮಧ್ಯಾಹ್ನ.
ಯಾರೂ ಸುಳ್ಳು ಹೇಳಲಿಲ್ಲ.

ಟಿಕೆಟ್ಟಿನವನಿಗೆ ಒಂದು ಸಾಲು ಬರೆದೆ:
ಇನ್ನು ನೀನೂ ಲೋಕದ ಲೆಕ್ಕವನ್ನೇ ಹಿಡಿ,
ಊರಿನದನ್ನು ಮನಸ್ಸಿನಲ್ಲಿ ಕಳೆದುಕೋ.
ಮುಚ್ಚಳ ಬಿಚ್ಚಿದರೆ
ಸೆಲ್ಲಿನ ಅಂಚಿಗೆಲ್ಲ ಹಸಿರು ಕಿಲುಬು.
ಅದನ್ನು ಕಿತ್ತು, ಹೊಸದನ್ನು ಒತ್ತುವ ಮೊದಲು,
ಸುಮ್ಮನೆ, ಕುತೂಹಲಕ್ಕೆ, ಒಮ್ಮೆ ಎಬ್ಬಿಸಿದೆ.

ನೆನಪು ಹೋದ ಯಂತ್ರ ಸೊನ್ನೆಯಿಂದ ಎಣಿಸತೊಡಗಿತು.
ಸೊನ್ನೆ ಅಂದರೆ ಎಪ್ಪತ್ತರ ಜನವರಿ ಒಂದು, ನಡುರಾತ್ರಿ,
ಅದೂ ಲೋಕಕ್ಕೆ.
ಇಲ್ಲಿಗೆ ಮೂರು ತಾಸು ಈಚೆ.
ಪ್ರಿಂಟರು ಗರಗರ ಉಗುಳಿತು:
೩೧ ಡಿಸೆಂಬರ್ ೧೯೬೯, ರಾತ್ರಿ ಒಂಬತ್ತು.
(ಈ ಊರಿನ ಹೆಸರಿಗೆ ಅರ್ಥ, ಬರಲಿರುವ ಕಾಲ.)

ದಾನಿತ್ಸಾ ಚೀಟಿ ಹರಿದುಕೊಂಡಳು, ಓದಿದಳು, ಕೂತಳು.
"ಆಗ ನನಗೆ ಏಳು ವರ್ಷ.
ಒಂಬತ್ತಾದರೂ ಬಿಸಿಲು. ಡಿಸೆಂಬರಿಗೆ ಇಲ್ಲಿ ಕತ್ತಲೆ ನಂಬುವ ಹಾಗಿಲ್ಲವಲ್ಲ.
ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಮರೆತಿದ್ದರು.
ಹೊಸ ವರ್ಷ ಯಾವಾಗ ಹುಟ್ಟುತ್ತದೋ ಯಾರಿಗೆ ಗೊತ್ತು?
ಅಪ್ಪ ಬಂದರಿಗೆ ಹೋಗಿ ಹಡಗಿನವರನ್ನು ಕೇಳಿ
ಎದುರುಗಾಳಿಯಲ್ಲಿ ನಡೆದುಬಂದು ಮುಳ್ಳು ತಿರುಗಿಸಿದ.
ಅವರು ಹೇಳಿದಷ್ಟೇ ಇಟ್ಟ.
ನಡೆದುಬಂದ ಕಾಲು ಗಂಟೆಯನ್ನು ಕೂಡಿಸಲೇ ಇಲ್ಲ."

ಈ ಪೆಟ್ಟಿಗೆ ಹಾಗೆ ಮಾಡುವುದಿಲ್ಲ, ಅಂದೆ.
ಸೆಕೆಂಡು ಮಗ್ಗುಲು ಬದಲಿಸುವುದನ್ನೇ ಕಾದಿದ್ದು
ಆ ಅಂಚಿನಲ್ಲಿ ಕೇಳುತ್ತದೆ.
ಚಿಪ್ ದಿನಕ್ಕೆಷ್ಟು ಜಾರುತ್ತದೆಂದು
ಒಂದು ಕಡತದಲ್ಲಿ ಬರೆದೂ ಇಡುತ್ತದೆ.
"ಪಾಪ," ಅಂದಳು.

ಹೊಸ ಸೆಲ್ಲು ಕಟ್ಟನೆ ಕೂತಿತು.
ಇಬ್ಬರನ್ನೂ ಎಬ್ಬಿಸಿ ನೋಡಿದೆ, ಒಂದೇ ಮಾತು.
ಐದರ ಹಡಗಿಗೆ ನನ್ನ ಟಿಕೆಟ್ಟು ಸರಿಯಾಗಿಯೇ ಬಂತು.

ಗಾಳಿ ಬಿಡಲಿಲ್ಲ. ಹಡಗು ಏಳೂವರೆಗೆ ಅಂದರು.
ಅಲ್ಲಿಯವರೆಗೆ ಅವಳ ಅಡುಗೆಮನೆ, ಕುರಿಮಾಂಸದ ಸಾರು,
ಗೋಡೆಯ ಮೇಲೆ ಅದೇ ಗಡಿಯಾರ;
ಅವತ್ತಿನಿಂದ ಕೀಲಿ ತಪ್ಪಿಸಿಲ್ಲವಂತೆ.
ಅದರಲ್ಲಿ ಏಳಕ್ಕೆ ಇನ್ನೂ ಐದು ನಿಮಿಷವಿತ್ತು.
"ಏಳೂ ಹತ್ತಾಯಿತು, ಹೊರಡು," ಅಂದಳು
ತಲೆಯೆತ್ತದೆ, ತಟ್ಟೆ ತೊಳೆಯುತ್ತಾ.
"ಬಂದರಿಗೆ ಕಾಲು ಗಂಟೆ ನಡೆಯಬೇಕು."