ನಾಲ್ಕನೆಯ ಭೇಟಿ

ಮೊದಲ ಮೂರು ವರ್ಷ ಮಾರ್ಗ್ರೀತ್ ಬಂದಾಗೆಲ್ಲ
ಉಣ್ಣೆಯ ಹೊಸ ಹಾಸುಗಳನ್ನೇ ಮುಂದೆ ಹರವಿದೆವು.
ಒಡೆದ ಬಾಯ್ಲರಿನ ಮೇಲೂ ಒಂದು.

ಈ ಸಲ ನರಿನ್‌ನಲ್ಲಿ ಕರೆಂಟಿಲ್ಲ.
ಅವಳ ಲ್ಯಾಪ್‌ಟಾಪೂ ಸತ್ತಿತ್ತು.
ಕೋಟು ತೆಗೆಯದೆ ಕೂತು ಅಂದಳು:
"ಎರಡನೇ ಕಂತು ತಡವಾದದ್ದು ನಮ್ಮಿಂದ.
ಯಾರದೋ ಸಹಿಗೆ ಹನ್ನೊಂದು ವಾರ.
ನಿಮಗೆ ಹೇಳಲಿಲ್ಲ."

ಆ ಹನ್ನೊಂದು ವಾರ ಕೂಲಿಯಿಲ್ಲದೆ ಉಣ್ಣೆ ತುಳಿದವರು
ಮುಖ ಮುಖ ನೋಡಿಕೊಂಡೆವು.
ಚಹಾ ಬಗ್ಗಿಸುತ್ತಿದ್ದ ಬುಬುಸಾರಾಳ ಕೈ ನಿಂತಿತು.

ನಮ್ಮಲ್ಲಿ ಬಟ್ಟಲು ತುಂಬಿಸಿ ಕೊಟ್ಟರೆ, ಇನ್ನು ಹೊರಡಿ;
ತಳದಲ್ಲಷ್ಟೇ ಕೊಟ್ಟರೆ, ಕೂತಿರಿ, ಮತ್ತೆ ಬಗ್ಗಿಸುತ್ತೇವೆ.
ಮೂರು ವರ್ಷವೂ ತುಂಬಿಸಿಯೇ ಕೊಟ್ಟಿದ್ದೆವು;
ಧಾರಾಳಿಗಳು ಎಂದು ಅವಳು
ವರದಿಯಲ್ಲಿ ಬರೆದಿದ್ದಳಂತೆ.

ಬುಬುಸಾರಾ ಕಾಲು ಬಟ್ಟಲು ಬಗ್ಗಿಸಿದಳು.
ನಾನೆದ್ದು ಬಾಯ್ಲರಿನ ಮೇಲಿನ ಹಾಸು ಎಳೆದೆ.